ಮೊಲದ ಕಾಲು ನೀನೇ ಎಣಿಸು

ಪ್ರೀತಿಯ ಪುಟ್ಟಿಗೆ,

ನೀನು ಕಳಿಸಿದ 60 ಪುಟದ ಪಿಡಿಎಫ್ ಎರಡು ಸಲ ಓದಿದೆ. ಗುರುತ್ವ ಅನ್ನೋದು ಬೇರೆ ಬಲವೇ ಅಲ್ಲ, ಪರಮಾಣುವಿನ ಒಳಗಿನ ಪ್ಲಸ್ಸು ಮೈನಸ್ಸು ಒಂದನ್ನೊಂದು ಕಳೆದುಕೊಂಡ ಮೇಲೂ ಉಳಿಯುವ ಚೂರು ವಿದ್ಯುತ್ ಸೆಳೆತ ಅಂತ ಅದರ ವಾದ. "ದೊಡ್ಡಪ್ಪ, ಇದು ನಿಜ ಆದರೆ ಪಠ್ಯಪುಸ್ತಕವನ್ನೆಲ್ಲ ಮತ್ತೆ ಬರೀಬೇಕು ಅಲ್ವಾ?" ಅಂತ ಕೇಳಿದ್ದೀಯ. ಹೌದು, ಬರೀಬೇಕು. ಅದಕ್ಕೇ ಸುಮ್ನೆ ಪಕ್ಕಕ್ಕಿಡದೆ ಪೆನ್ನು ಹಿಡಿದು ಕೂತೆ.

ಅದಕ್ಕೆ ಬರುವ ಮೊದಲು ನನ್ನದೊಂದು ಹಳೇ ಕಥೆ ಹೇಳಬೇಕು. ನಿನ್ನ ವಯಸ್ಸಿನಲ್ಲಿ ನನಗೂ ಇಂಥದ್ದೇ ಒಂದು ಯೋಚನೆ ತಲೆಗೆ ಹೊಕ್ಕಿತ್ತು. ಆಕಾಶದ ತುಂಬ ಕಣ್ಣಿಗೆ ಕಾಣದ ಸಣ್ಣ ಕಣಗಳು ಎಲ್ಲ ದಿಕ್ಕಿಗೂ ಹಾರುತ್ತಿವೆ ಅಂದುಕೋ. ಒಂಟಿ ವಸ್ತುವಿಗೆ ಎಲ್ಲ ಕಡೆಯಿಂದಲೂ ಒಂದೇ ಸಮ ಬಡಿಯುತ್ತವೆ, ಅದು ಇದ್ದಲ್ಲೇ ಇರುತ್ತದೆ. ಎರಡು ವಸ್ತು ಎದುರುಬದುರಾದರೆ ಒಂದಕ್ಕೆ ಇನ್ನೊಂದು ಅಡ್ಡ ಬರುತ್ತದೆ. ನಡುವಿನಿಂದ ಏಟು ಕಡಿಮೆ, ಹೊರಗಿನಿಂದ ಜಾಸ್ತಿ. ಹೊರಗಿನ ಏಟು ಎರಡನ್ನೂ ಹತ್ತಿರಕ್ಕೆ ನೂಕುತ್ತದೆ. ದೂರ ಎರಡು ಪಟ್ಟಾದರೆ ಬಲ ಕಾಲು ಭಾಗಕ್ಕೆ ಇಳಿಯುವುದೂ ಲೆಕ್ಕದಲ್ಲಿ ಸರಿಯಾಗಿ ಬಂತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನ್ಯೂಟನ್ ಹೇಳದೆ ಬಿಟ್ಟಿದ್ದು ನನ್ನ ಕೈಗೆ ಸಿಕ್ಕಿದೆ ಅಂತಲೇ ನಂಬಿದ್ದೆ.

ಒಂದು ನೋಟ್‌ಬುಕ್ ತುಂಬಿಸಿ ಮೇಷ್ಟ್ರಿಗೆ ಕೊಟ್ಟೆ. ಅವರು ನಗಲಿಲ್ಲ. ಪೂರ್ತಿ ಓದಿ, ಒಂದೇ ಪ್ರಶ್ನೆ ಕೇಳಿದರು. "ಮಳೆಯಲ್ಲಿ ಓಡುವವನ ಎದೆ ಜಾಸ್ತಿ ನೆನೆಯುತ್ತೋ, ಬೆನ್ನೋ?" ಎದೆ. ಹಾಗಾದರೆ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಸೂರ್ಯನನ್ನು ಸುತ್ತುವ ಭೂಮಿಗೂ ಮುಂದಿನಿಂದಲೇ ಜಾಸ್ತಿ ಏಟು ಬೀಳಬೇಕು. ಓಟ ನಿಧಾನವಾಗುತ್ತ ಆಗುತ್ತ ಅದು ಸೂರ್ಯನ ಹೊಟ್ಟೆಗೆ ಬೀಳಬೇಕು. ಬಿದ್ದಿಲ್ಲ. ಕಣಗಳ ವೇಗ ಏರಿಸಿ ನೋಡಿದೆ. ತಡೆ ಕಡಿಮೆಯಾಯಿತು, ಆದರೆ ಅಷ್ಟು ಜೋರಿನ ಏಟಿನ ಬಿಸಿಗೆ ಭೂಮಿಯೇ ಸುಟ್ಟುಹೋಗಬೇಕಾಗಿತ್ತು. ಒಂದು ತಿಂಗಳು ಒದ್ದಾಡಿದೆ. ಒಂದು ತೂತು ಮುಚ್ಚಿದರೆ ಇನ್ನೊಂದು ಬಾಯಿ ಬಿಡುತ್ತಿತ್ತು. ಜಿನೀವಾದ ಲೆ ಸಾಜ್ ಅನ್ನೋ ವಿಜ್ಞಾನಿ 18ನೇ ಶತಮಾನದಲ್ಲೇ ಇದನ್ನು ಹೇಳಿದ್ದರು ಅಂತ ಆಮೇಲೆ ಗೊತ್ತಾಯಿತು. ಬಿಸಿಯ ತೊಡಕನ್ನು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಎತ್ತಿ ತೋರಿಸಿದ್ದರು, ಗಣಿತಜ್ಞ ಪ್ವಾಂಕರೆ ಅದರ ಲೆಕ್ಕವನ್ನೂ ಹಾಕಿದ್ದರು.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ವಾದಿಸುವವರು ತಿಳಿಯದ ಜನ ಅಂತ ಅಲ್ಲಿಯವರೆಗೆ ಅಂದುಕೊಂಡಿದ್ದೆ. ಲೆಕ್ಕ ಬಲ್ಲವರೂ ವಾದಿಸುತ್ತಾರೆ ಪುಟ್ಟಿ. ಲೆಕ್ಕ ಬಲ್ಲವರಿಗೆ ನಾಲ್ಕನೇ ಕಾಲು ಬಚ್ಚಿಡುವ ದಾರಿಗಳೂ ಜಾಸ್ತಿ ಗೊತ್ತಿರುತ್ತವೆ.

ಈಗ ನಿನ್ನ ಪಿಡಿಎಫ್. ಪ್ಲಸ್ಸು ಮೈನಸ್ಸು ಕಳೆದು ಉಳಿಯುವ ಸೆಳೆತ ಅನ್ನೋದು ಕಟ್ಟುಕಥೆ ಏನಲ್ಲ. ವ್ಯಾನ್ ಡರ್ ವಾಲ್ಸ್ ಬಲ ಅಂತ ನೀನೇ ಓದಿದ್ದೀಯ. ಆದರೆ ಅದು ದೂರದ ಜೊತೆ ಹೇಗೆ ಇಳಿಯುತ್ತದೆ ನೋಡು. ದೂರ ಎರಡು ಪಟ್ಟಾದರೆ ಗುರುತ್ವ 4 ಪಟ್ಟು ಕುಗ್ಗುತ್ತದೆ. ಈ ಉಳಿಕೆ ಬಲ ಕಡಿಮೆ ಅಂದರೂ 128 ಪಟ್ಟು ಕುಗ್ಗುತ್ತದೆ. ಅಂಥ ಬಲ ಚಂದ್ರನ ತನಕ ಕೈ ಚಾಚಲಾರದು. ಬರೆದವರು ಈ ಲೆಕ್ಕ ಎಲ್ಲೂ ಮಾಡಿಲ್ಲ, ನಾನು ಹುಡುಕಿದೆ.

ಇನ್ನೊಂದು. ಟೈಟಾನಿಯಂ, ಪ್ಲಾಟಿನಂ ಎರಡರ ಒಳಗಿನ ವಿದ್ಯುತ್ ಜೋಡಣೆ ಬೇರೆ ಬೇರೆ. ಉಳಿಕೆಯೂ ಬೇರೆಯಾಗಬೇಕು, ಬೀಳುವ ರೀತಿಯೂ ಬೇರೆಯಾಗಬೇಕು. ಈ ಎರಡು ಲೋಹಗಳನ್ನೇ ಮೈಕ್ರೋಸ್ಕೋಪ್ ಅನ್ನೋ ಉಪಗ್ರಹದಲ್ಲಿ ಇಟ್ಟು ನೋಡಿದರು. 2022ರಲ್ಲಿ ಕೊನೆಯ ಫಲಿತಾಂಶ ಬಂತು. 1ರ ಮುಂದೆ 15 ಸೊನ್ನೆ ಬರೆದರೆ ಆಗುವ ಸಂಖ್ಯೆ ಇದೆಯಲ್ಲ, ಅಷ್ಟರಲ್ಲಿ ಕೆಲವೇ ಪಾಲಿನಷ್ಟು ವ್ಯತ್ಯಾಸವಿದ್ದರೂ ಸಿಕ್ಕಿಬೀಳುತ್ತಿತ್ತು. ಏನೂ ಸಿಗಲಿಲ್ಲ. ಬೆಳಕನ್ನೂ ನೆನಪಿಸಿಕೋ. ಅದಕ್ಕೆ ವಿದ್ಯುದಂಶವೇ ಇಲ್ಲ, ಆದರೂ ಸೂರ್ಯನ ಅಂಚು ಸವರಿಕೊಂಡು ಬರುವಾಗ ಬಾಗುತ್ತದೆ. 1.75 ಆರ್ಕ್‌ಸೆಕೆಂಡ್ (ಒಂದು ಡಿಗ್ರಿ ಕೋನವನ್ನು 3600 ಪಾಲು ಮಾಡಿದರೆ ಒಂದು ಪಾಲು ಒಂದು ಆರ್ಕ್‌ಸೆಕೆಂಡ್) ಬಾಗಬೇಕು ಅಂತ ಐನ್‌ಸ್ಟೈನ್ ಮೊದಲೇ ಬರೆದಿಟ್ಟಿದ್ದರು. 1919ರ ಗ್ರಹಣದಲ್ಲಿ ಹೋಗಿ ಅಳೆದರು. ಅವರ ಲೆಕ್ಕದ ಕಡೆಗೇ ಬಂತು.

ಐನ್‌ಸ್ಟೈನ್ ಗುಮಾಸ್ತರಾಗಿದ್ದರು, ಅವರನ್ನೂ ಯಾರೂ ಮೊದಲು ನಂಬಲಿಲ್ಲ ಅಂತ ಪಿಡಿಎಫ್‌ನ ಮೊದಲ ಎಂಟು ಪುಟ ಹೇಳುತ್ತದೆ. ಪೇಟೆಂಟ್ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದದ್ದು ನಿಜ. ಆದರೆ 1905ರ ಅವರ ಲೇಖನಗಳು ಆ ಕಾಲದ ದೊಡ್ಡ ಪತ್ರಿಕೆಯಲ್ಲೇ ಅಚ್ಚಾದವು. ಅವರ ಸಮೀಕರಣದಲ್ಲಿ ವೇಗ ಕಡಿಮೆ ಮಾಡುತ್ತ ಹೋದರೆ ನ್ಯೂಟನ್ ಹಾಗೇ ಎದ್ದು ಬರುತ್ತಾರೆ. ಹಳೆಯದು ಎಲ್ಲೆಲ್ಲಿ ಸರಿಯಿತ್ತೋ ಅಲ್ಲೆಲ್ಲ ಹೊಸದೂ ಅದೇ ಉತ್ತರ ಕೊಡಲೇಬೇಕು. ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಹೊಸ ಸಿದ್ಧಾಂತ ಕಂಡಾಗ ನಾನು ಮೊದಲು ಹುಡುಕುವುದೇ ಇದನ್ನು.

ಹೊಸ ಬಲದ ಮಾತೆತ್ತಿದವರನ್ನೆಲ್ಲ ವಿಜ್ಞಾನಿಗಳು ಓಡಿಸುತ್ತಾರೆ ಅಂತ ಮಾತ್ರ ನಂಬಬೇಡ. 1986ರಲ್ಲಿ ಫಿಶ್‌ಬಾಕ್ ಅನ್ನೋ ಭೌತವಿಜ್ಞಾನಿ ಮತ್ತು ಜೊತೆಗಾರರು ಹಂಗೇರಿಯ ವಿಜ್ಞಾನಿ ಎಟ್ವೊಶ್ ಅವರ ಹಳೇ ತಕ್ಕಡಿ ಪ್ರಯೋಗದ ಅಂಕಿಗಳನ್ನು ಮತ್ತೆ ತೆಗೆದು ನೋಡಿ, ಗೊತ್ತಿರುವ ನಾಲ್ಕು ಮೂಲ ಬಲಗಳ ಜೊತೆಗೆ ಐದನೇ ಬಲ ಇರಬಹುದು ಅಂದರು. ಎಷ್ಟು ದೂರ ಅದರ ಆಟ? ಕೆಲವು ನೂರು ಮೀಟರ್. ಎಷ್ಟು ಜೋರು? ಗುರುತ್ವದ ಸುಮಾರು ನೂರರಲ್ಲೊಂದು ಪಾಲು. ಎರಡಕ್ಕೂ ಅಂಕಿ ಕೊಟ್ಟರು. ಕೊಟ್ಟಿದ್ದಕ್ಕೇ ಜನ ಗೋಪುರ ಹತ್ತಿದರು, ಗಣಿಗೆ ಇಳಿದರು, ಬೆಟ್ಟದ ಪಕ್ಕದಲ್ಲಿ ತಕ್ಕಡಿ ಕಟ್ಟಿದರು. ಶುರುವಿನಲ್ಲಿ ಕೆಲವರು ಕಂಡೆವು ಅಂದರು. ಕೆಲವು ವರ್ಷ ಅಳೆದ ಮೇಲೆ ಇಲ್ಲ ಅಂತ ಆಯಿತು. ಆ ಕೆಲಸವನ್ನು ನಾನು ಇವತ್ತಿಗೂ ಗೌರವದಿಂದ ನೆನೆಯುತ್ತೇನೆ. ಬಲ ಸಿಗದಿದ್ದರೂ ಅಳೆಯುವ ಕೈ ಪಳಗಿತು.

ನಿನ್ನ 60 ಪುಟದಲ್ಲಿ ಅಂಥ ಒಂದು ಅಂಕಿಯೂ ಇಲ್ಲ. ಹಾಗಂತ ಬರೆದವರನ್ನು ಹಂಗಿಸಬೇಡ. ವರ್ಷಗಟ್ಟಲೆ ಒಬ್ಬರೇ ಕೂತು ಬರೆದಂತಿದೆ, ಪ್ರಶ್ನೆ ಕೇಳುವ ಮೇಷ್ಟ್ರು ಸಿಕ್ಕಿಲ್ಲ ಅನಿಸುತ್ತದೆ. ಗುರುತ್ವವನ್ನು ಪರಮಾಣು ಲೋಕದ ಕ್ವಾಂಟಮ್ ನಿಯಮಗಳ ಜೊತೆ ಕೂಡಿಸುವುದು ಇನ್ನೂ ಯಾರಿಂದಲೂ ಪೂರ್ತಿ ಆಗಿಲ್ಲ, ಆದ್ದರಿಂದ ಹುಡುಕುವುದು ತಪ್ಪೇನಲ್ಲ.

ಒಂದು ಕೆಲಸ ಮಾಡು. ಅವರಿಗೆ ಎರಡೇ ಸಾಲು ಬರಿ. "ನಿಮ್ಮ ಸೂತ್ರ ಹಾಕಿದರೆ ಸೂರ್ಯನ ಅಂಚಿನಲ್ಲಿ ಬೆಳಕು ಎಷ್ಟು ಬಾಗುತ್ತದೆ? ಲೆಕ್ಕ ತೋರಿಸುವಿರಾ?" ಮರ್ಯಾದೆಯಿಂದ ಕೇಳು. ಅದಕ್ಕೂ ಮೊದಲು ನೀನೇ ಒಂದು ಸಂಜೆ ಕೂತು ಆ ಲೆಕ್ಕ ಮಾಡಲು ಪ್ರಯತ್ನಿಸು, ಎಲ್ಲಿ ಸಿಕ್ಕಿಕೊಳ್ಳುತ್ತೀಯೋ ಅಲ್ಲಿ ಗುರುತು ಹಾಕಿ ನನಗೆ ಕಳಿಸು. ಅವರಿಂದ ಉತ್ತರ ಬಂದರೆ ಅದನ್ನೂ ಕಳಿಸು. ಅಂಕಿ ಇದ್ದರೆ ನಾನು ಮತ್ತೆ ಮೊದಲ ಪುಟದಿಂದ ಓದುತ್ತೇನೆ.

ನಿನ್ನ,
ದೊಡ್ಡಪ್ಪ