ಅಳದಿದ್ದರೆ ಮಾತ್ರ ವಿಶ್ವಾಸವೇ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಗಂಡನ ಅಂತ್ಯಕ್ರಿಯೆಯಲ್ಲಿ ಒಂದು ಹನಿ ಕಣ್ಣೀರೂ ಹಾಕದ ಕ್ರೈಸ್ತ ಹೆಣ್ಣುಮಗಳೊಬ್ಬರ ಬಗ್ಗೆ ಬರೆದು, ‘ನಿಜವಾದ ವಿಶ್ವಾಸ ಅಂದರೆ ಇದು’ ಅಂತ ಮುಗಿಸಿದ್ದಾರೆ. ಆ ತಾಯಿಯ ಮೇಲೆ ನನ್ನದೇನೂ ತಕರಾರಿಲ್ಲ. ಒಬ್ಬೊಬ್ಬರ ದುಃಖ ಒಂದೊಂದು ಥರ. ಆ ಕೊನೆಯ ಸಾಲು ಮಾತ್ರ ಎರಡು ರಾತ್ರಿ ನನ್ನನ್ನು ಮಲಗಲು ಬಿಡಲಿಲ್ಲ. ಯಾಕಂದ್ರೆ ನಾನು ಅತ್ತವಳು. ಗಂಡನ ಸಮಾಧಿಯ ಮುಂದೆ, ಎಲ್ಲರೆದುರು, ಮೂಗು ಸೋರಿಸಿಕೊಂಡು ಅತ್ತವಳು. ಈಗಲೂ ತಪ್ಪದೆ ಆರಾಧನೆಗೆ ಹೋಗುವವಳು.

ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ನಮ್ಮ ಯಜಮಾನರಿಗೆ ಎರಡೂ ಕಿಡ್ನಿ ಕೈಕೊಟ್ಟವು. ಮೂರು ವರ್ಷ ಡಯಾಲಿಸಿಸ್. ವಾರಕ್ಕೆ 3 ದಿನ, ಒಂದೊಂದು ಸಲಕ್ಕೆ 4 ಗಂಟೆ. ಬಲ್ಲವರಿಗೆ ಗೊತ್ತು, ಇದಕ್ಕೆ ಮೊದಲು ಕೈಯಲ್ಲಿ ಒಂದು ಸಣ್ಣ ಆಪರೇಷನ್ ಮಾಡಿ ಅಪಧಮನಿಯನ್ನೂ ಅಭಿಧಮನಿಯನ್ನೂ ಸೇರಿಸುತ್ತಾರೆ. ಫಿಸ್ಟುಲಾ ಅಂತಾರೆ. ರಕ್ತ ಅಲ್ಲಿ ಎಷ್ಟು ರಭಸದಿಂದ ಹರಿಯುತ್ತೆ ಅಂದ್ರೆ, ಮೇಲೆ ಬೆರಳಿಟ್ಟರೆ ಗುಂಯ್ ಅಂತ ನಡುಗುತ್ತದೆ. ಆ ನಡುಕ ನಿಂತರೆ ಫಿಸ್ಟುಲಾ ಕಟ್ಟಿಕೊಂಡಿದೆ ಅಂತ ಅರ್ಥ, ಆಸ್ಪತ್ರೆಗೆ ಓಡಬೇಕು. ದಿನಾ ಮುಟ್ಟಿ ನೋಡಿ ಅಂದಿದ್ದರು. ನಾನು ರಾತ್ರಿ ಅವರ ಎಡಗೈ ಮೇಲೆ ಕೈ ಇಟ್ಟುಕೊಂಡೇ ಮಲಗುತ್ತಿದ್ದೆ. ಮೂರು ವರ್ಷ ನನಗೆ ಜೋಗುಳ ಅಂದ್ರೆ ಅದೇ. ಒಂದು ಬೆಳಗಿನ ಜಾವ ಎಚ್ಚರವಾದಾಗ ಕೈ ಸುಮ್ನೆ ಇತ್ತು.

ಆಮೇಲೆ ಬಂದವರ ಮಾತು ಹೇಳುತ್ತೇನೆ. ‘ಇನ್ನೂ ಜಾಸ್ತಿ ಉಪವಾಸ ಪ್ರಾರ್ಥನೆ ಮಾಡಬೇಕಿತ್ತು.’ ‘ನಿಮ್ಮಲ್ಲಿ ಎಲ್ಲೋ ಸಂಶಯ ಇತ್ತು.’ ‘ಅಳಬೇಡಿ ಸಿಸ್ಟರ್, ದುಃಖಿಸಬಾರದು ಅಂತ ಬೈಬಲ್‌ನಲ್ಲಿ ಪೌಲನೇ ಬರೆದಿದ್ದಾನಲ್ಲ.’ ಯಾರೂ ಕೆಟ್ಟವರಲ್ಲ. ಆಸ್ಪತ್ರೆಗೆ ಹೋಗಿಬರಲು ಗಾಡಿ ಕೊಟ್ಟವರೂ ಇವರೇ. ಅದಕ್ಕೇ ಎದುರು ಮಾತಾಡಲು ಬಾಯಿ ಬರಲಿಲ್ಲ. ಇವತ್ತು ನಿಮ್ಮ ಪತ್ರಿಕೆಯಲ್ಲಿ ಆಡುತ್ತಿದ್ದೇನೆ.

ಅಪೊಸ್ತಲ ಪೌಲ ಥೆಸಲೋನಿಕ ಊರಿನ ಸಭೆಯವರಿಗೆ ಪತ್ರದಲ್ಲಿ ಬರೆದದ್ದು ‘ದುಃಖಿಸಬೇಡಿ’ ಅಂತ ಅಲ್ಲ. ನಿರೀಕ್ಷೆ ಇಲ್ಲದವರ ಹಾಗೆ ದುಃಖಿಸಬೇಡಿ ಅಂತ. ಅರ್ಧ ಸಾಲು ಕತ್ತರಿಸಿದರೆ ಅರ್ಥ ಎಲ್ಲಿಂದೆಲ್ಲಿಗೆ ಹೋಗುತ್ತೆ ನೋಡಿ. ನನಗೆ ಕತ್ತರಿ ಕೆಲಸ ಗೊತ್ತು, ಒಂದು ಇಂಚು ತಪ್ಪಿದರೆ ಅಂಗಿ ಅಂಗಿಯಾಗಿ ಉಳಿಯಲ್ಲ. ಇನ್ನು ಪ್ರಾರ್ಥನೆ ಸಾಲಲಿಲ್ಲ ಅನ್ನುವ ಮಾತು. ಶರೀರದಲ್ಲಿ ನಾಟಿದ ಮುಳ್ಳನ್ನು ತೆಗೆ ಅಂತ ಅದೇ ಪೌಲ 3 ಸಲ ಬೇಡಿಕೊಂಡ. ದೇವರು ತೆಗೆಯಲಿಲ್ಲ. ನನ್ನ ಕೃಪೆ ಸಾಕು ಅಂದ. ಪೌಲನಿಗೂ ವಿಶ್ವಾಸ ಕಮ್ಮಿ ಇತ್ತು ಅನ್ನೋಣವೇ?

ನಿಜ ಹೇಳಬೇಕು. ಸುಮಾರು ಎಂಟು ತಿಂಗಳು ನಾನು ಪ್ರಾರ್ಥನೆ ಮಾಡಲಿಲ್ಲ. ಆರಾಧನೆಗೆ ಹೋಗುತ್ತಿದ್ದೆ, ಕೊನೆಯ ಬೆಂಚಿನಲ್ಲಿ ಕೂತು ಬರುತ್ತಿದ್ದೆ. ಹಾಡುವಾಗ ಬಾಯಿ ಆಡಿಸುತ್ತಿದ್ದೆ ಅಷ್ಟೇ. ಅವರ ಸತ್ಯವೇದ, ಅಂದ್ರೆ ಬೈಬಲ್, ಕಪಾಟಿನಲ್ಲೇ ಇತ್ತು, ಮುಟ್ಟಿರಲಿಲ್ಲ. ಒಂದು ಮಧ್ಯಾಹ್ನ ಅಳತೆ ಪುಸ್ತಕ ಹುಡುಕುವಾಗ ಅದು ಕೈಗೆ ಬಂತು. ಒಳಗೆ ಒಂದು ಚೀಟಿ. ಡಯಾಲಿಸಿಸ್‌ಗೆ ಬರಬೇಕಾದ ದಿನ, ಹೊತ್ತು ಬರೆದು ಕೊಡುವ ಚೀಟಿ. 88ನೇ ಕೀರ್ತನೆಯ ಪುಟದಲ್ಲಿಟ್ಟಿದ್ದರು.

150 ಕೀರ್ತನೆಗಳಲ್ಲಿ ಇಷ್ಟು ಕತ್ತಲು ಇನ್ನೊಂದರಲ್ಲಿಲ್ಲ. ಗೋಳಿಡುವ ಬೇರೆ ಕೀರ್ತನೆಗಳಲ್ಲಿ ಹೆಚ್ಚಿನವು ಹೇಗೋ ತಿರುಗಿ ಸ್ತುತಿಯ ಕಡೆ ಬರುತ್ತವೆ. ಇದು ಬರುವುದಿಲ್ಲ. ರಾತ್ರಿ ಹಗಲು ಕೂಗಿದೆ, ಯಾಕೆ ಮುಖ ಮರೆಮಾಡಿಕೊಂಡೆ, ಗೆಳೆಯರನ್ನೆಲ್ಲ ದೂರ ಮಾಡಿದೆ ಅನ್ನುತ್ತ ಹೋಗಿ ಕತ್ತಲೆಯಲ್ಲೇ ನಿಂತುಬಿಡುತ್ತದೆ. ಆ ಕೊನೆಯ ವಚನದ ಕೆಳಗೆ ಪೆನ್ಸಿಲ್ ಗೆರೆ. ಸೂಜಿ ಚುಚ್ಚಿದ ಕೈ ಆಡಿಸುವಂತಿಲ್ಲ, ಇನ್ನೊಂದು ಕೈಯಲ್ಲೇ ಎಳೆದಿರಬೇಕು ಅನಿಸಿತು.

ನಮ್ಮ ಯಜಮಾನರು ಪ್ರಾರ್ಥನೆ ಕೂಟದಲ್ಲಿ ಪ್ರತಿ ಸಲ ಎದ್ದು ನಿಂತು ‘ಕರ್ತನು ಚೆನ್ನಾಗಿ ನಡೆಸುತ್ತಿದ್ದಾನೆ’ ಅಂತ ಸಾಕ್ಷಿ ಹೇಳುತ್ತಿದ್ದರು. ಎಲ್ಲರೂ ಆಮೆನ್ ಅನ್ನುತ್ತಿದ್ದರು. ನಾನೂ ಅಂದಿದ್ದೇನೆ. ಆ ಮನುಷ್ಯ ಮೆಷಿನ್ ಪಕ್ಕ ಕೂತು ಇದನ್ನು ಓದುತ್ತಿದ್ದರು. ನನಗೂ ಹೇಳಲಿಲ್ಲ. ಹೇಳಿದ್ದರೆ ಏನನ್ನುತ್ತಿದ್ದೆ? ‘ಹಾಗೆಲ್ಲ ಅನ್ನಬಾರದು, ಧೈರ್ಯವಾಗಿರಿ’ ಅನ್ನುತ್ತಿದ್ದೆ. ಹೊಟ್ಟೆಯೊಳಗೆ ಕಿವುಚಿದ ಹಾಗಾಯಿತು.

ಅವತ್ತು ಅಲ್ಲೇ ನೆಲದ ಮೇಲೆ ಕೂತು ಆ 18 ವಚನಗಳನ್ನು ಗಟ್ಟಿಯಾಗಿ ಓದಿದೆ. ಎಂಟು ತಿಂಗಳ ಮೇಲೆ ನಾನು ಮಾಡಿದ ಮೊದಲ ಪ್ರಾರ್ಥನೆ ಅದು. ಒಂದು ವಿಷಯ ಆಗ ಕಣ್ಣಿಗೆ ಬಿತ್ತು. ಇಷ್ಟೆಲ್ಲ ದೂರು ಹೇಳುವವನು ಮೊದಲ ವಚನದಲ್ಲೇ ‘ನನ್ನನ್ನು ರಕ್ಷಿಸುವ ದೇವರೇ’ ಅಂತ ಕರೆದಿದ್ದಾನೆ. ಪಕ್ಕದ ಮನೆಯವರ ಹತ್ತಿರ ದೂರುತ್ತಿಲ್ಲ, ದೇವರ ಹತ್ತಿರವೇ ಜಗಳ. ಮಾತು ಬಿಟ್ಟವರು ಜಗಳ ಆಡಲ್ಲ, ಅಲ್ವಾ?

ಬೈಬಲ್‌ನ ಮಾರ್ಥಳೂ ಹಾಗೇ. ಸಹೋದರ ಲಾಜರ ಸತ್ತು, ಸಮಾಧಿಯಲ್ಲಿ 4 ದಿನ ಆದ ಮೇಲೆ ಯೇಸು ಬಂದರೆ, ನೀನು ಇಲ್ಲಿದ್ದಿದ್ದರೆ ನನ್ನ ಸಹೋದರ ಸಾಯುತ್ತಿರಲಿಲ್ಲ ಅಂತ ಮುಖಕ್ಕೇ ಹೇಳಿದಳು. ಆಮೇಲೆ ಬಂದ ಅವಳ ತಂಗಿ ಮರಿಯಳೂ ಅದನ್ನೇ ಹೇಳಿದಳು. ಅಕ್ಕ ತಂಗಿ ಮನೆಯಲ್ಲಿ ನಾಲ್ಕು ದಿನ ಅದನ್ನೇ ಮಾತಾಡಿಕೊಂಡಿರಬೇಕು ಅಂತ ನನ್ನ ಊಹೆ. ಯೇಸು ಬೈಯಲಿಲ್ಲ. ಇನ್ನೇನು ಸ್ವಲ್ಪ ಹೊತ್ತಿಗೆ ಲಾಜರನನ್ನು ಬದುಕಿಸಿ ಎಬ್ಬಿಸುವವನೇ, ಆದರೂ ಅತ್ತ. ಅಳು ಅವಿಶ್ವಾಸ ಆಗಿದ್ದರೆ ಇದನ್ನು ಬರೆದಿಟ್ಟ ಯೋಹಾನ ಯೇಸು ಅತ್ತ ಅನ್ನುವ ಸಾಲು ಬರೆಯುತ್ತಲೇ ಇರಲಿಲ್ಲ.

ಸಭೆಗಳಲ್ಲಿ ಇನ್ನೊಂದು ಕಥೆ ಹೇಳುತ್ತಾರೆ, ನನಗೂ ಹೇಳಿದರು. 1873ರಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ಹಡಗು ಮುಳುಗಿ ಹೊರೇಷಿಯೊ ಸ್ಪಾಫರ್ಡ್ ಎನ್ನುವವರ ನಾಲ್ಕು ಹೆಣ್ಣುಮಕ್ಕಳು ಸತ್ತದ್ದು, ಅವರು ಅದರ ಮೇಲೂ ಸಮಾಧಾನದ ಹಾಡು ಬರೆದದ್ದು. ದೊಡ್ಡ ಮಾತೇ. ಆದರೆ ಆ ಹಡಗಿನಲ್ಲಿದ್ದು ಬದುಕಿ ಬಂದ ಅವರ ಹೆಂಡತಿ ಅನ್ನಾ ಕಳಿಸಿದ ತಂತಿ ಸಂದೇಶವನ್ನು ಯಾರೂ ಜಾಸ್ತಿ ಹೇಳಲ್ಲ. ‘ಉಳಿದೆ, ಒಬ್ಬಳೇ’ ಅನ್ನುವ ಅರ್ಥದ ಎರಡು ಪದದಿಂದ ಅದು ಶುರುವಾಗುತ್ತದೆ. ಹಾಡು ನನಗೆ ಇನ್ನೂ ಬಾಯಿಗೆ ಬಂದಿಲ್ಲ. ತಂತಿ ಚೆನ್ನಾಗಿ ಅರ್ಥವಾಗುತ್ತದೆ.

ಸಮಾಧಾನ ಹೇಳಲು ಹೋಗುವವರಿಗೆ ಬೈಬಲ್‌ನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಮೂವರು ಗೆಳೆಯರನ್ನು ನೆನಪಿಸುತ್ತೇನೆ. ಬಂದವರು 7 ಹಗಲು 7 ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತರು. ಅಲ್ಲಿಯವರೆಗೆ ಚೆನ್ನಾಗಿತ್ತು! ಬಾಯಿ ತೆರೆದ ಮೇಲೆ ಕೆಟ್ಟಿತು. ಕೊನೆಗೆ ದೇವರು ಸಿಟ್ಟಾದದ್ದು ಕೂಗಾಡಿದ ಯೋಬನ ಮೇಲಲ್ಲ, ದೇವರ ಪರ ವಕೀಲಿಕೆ ಮಾಡಿದ ಈ ಗೆಳೆಯರ ಮೇಲೆ.

ನಮ್ಮ ಸಭೆಯಲ್ಲಿ ವಯಸ್ಸಾದ ಒಬ್ಬ ತಾಯಿ ಇದ್ದಾರೆ. ಮಂಗಳವಾರ ಬರುತ್ತಾರೆ. ವಚನ ಹೇಳಲ್ಲ, ಬುದ್ಧಿ ಹೇಳಲ್ಲ. ನಾನು ಹೊಲಿಯುತ್ತಿದ್ದರೆ ಗುಂಡಿ ಹಾಕಿಕೊಡುತ್ತಾರೆ, ತಪ್ಪಿದ ಹೊಲಿಗೆ ಬಿಚ್ಚಿಕೊಡುತ್ತಾರೆ. ಹೋದ ತಿಂಗಳು ಕನ್ನಡಕ ಮೇಲೆ ಸರಿಸಿ, ‘ಅವರ ಕೈ ನಡುಗುತ್ತಿತ್ತು ಅಂದಿದ್ದೆಯಲ್ಲ, ಅದು ಹೇಗಿರುತ್ತಿತ್ತು?’ ಅಂತ ಕೇಳಿದರು. ಅದುವರೆಗೆ ಯಾರೂ ಕೇಳಿರಲಿಲ್ಲ. ಅವರ ಅಂಗೈ ಹಿಡಿದು ಹೊಲಿಗೆ ಮೆಷಿನ್ನಿನ ಹಲಗೆಯ ಮೇಲೆ ಇಟ್ಟೆ. ಮೋಟಾರಿನ ಪೆಡಲ್ ಮೆತ್ತಗೆ ಒತ್ತಿದೆ. ‘ಹೀಗೆ’ ಅಂದೆ. ಅವರು ಕೈ ತೆಗೆಯಲಿಲ್ಲ.

ಇಂತಿ ನಿಮ್ಮ,
ಒಬ್ಬ ಓದುಗರು
(ದಯವಿಟ್ಟು ಹೆಸರು ಹಾಕಬೇಡಿ)