ಫ್ಯಾನಿನ ರೆಕ್ಕೆ ಮೇಲೂ ಹೆಸರು

ಮಾನ್ಯರೇ,

ನಮ್ಮ ಚರ್ಚಿನಲ್ಲಿ ಈಗ ಫ್ಯಾನಿನ ರೆಕ್ಕೆ ಮೇಲೂ ದಾನಿಗಳ ಹೆಸರು. ಬೆಂಚಿಗೆ ಒರಗಿದರೆ ಯಾರದೋ ಹೆಸರಿನ ಹಿತ್ತಾಳೆ ಫಲಕ ಬೆನ್ನಿಗೆ ಚುಚ್ಚುತ್ತದೆ. ಬಡವರಿಗೆ ಅಕ್ಕಿ ಕೊಡುವಾಗಲೂ ಚೀಲ ಹಿಡಿದು ಫೋಟೊ ಆಗಲೇಬೇಕು. ಪಡೆಯಲು ಬಂದ ಅಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಾರೆ. ಕೊಟ್ಟದ್ದೆಲ್ಲ ದೇವರು ಅಂತ ಮೈಕಿನಲ್ಲಿ ಹೇಳುತ್ತೇವೆ, ಬ್ಯಾನರಿನಲ್ಲಿ ಮಾತ್ರ ನಮ್ಮದೇ ಮುಖ!

ಮದರ್ ತೆರೇಸಾ 1979ರಲ್ಲಿ ನೊಬೆಲ್ ಸ್ವೀಕರಿಸಿದ್ದು ಬಡವರ ಹೆಸರಿನಲ್ಲಿ. ಔತಣಕೂಟವೇ ಬೇಡ ಎಂದು ಆ ದುಡ್ಡನ್ನೂ ಬಡವರಿಗೆ ಕೊಡಿಸಿದರು. ತಾನು ದೇವರ ಕೈಯಲ್ಲಿರುವ ಪೆನ್ಸಿಲ್ ಅಷ್ಟೇ ಅನ್ನುತ್ತಿದ್ದರು.

ದಾನಿಗಳಿಗೆ ರಸೀದಿ ಕೊಡಲಿ, ಲೆಕ್ಕದ ಪುಸ್ತಕದಲ್ಲಿ ಹೆಸರೂ ಇರಲಿ. ಈ ಕ್ರಿಸ್‌ಮಸ್‌ಗೆ ಫೋಟೊ ಬಿಟ್ಟು, ಸುಮ್ನೆ ಮನೆ ಬಾಗಿಲಿಗೇ ಅಕ್ಕಿ ತಲುಪಿಸಬಹುದಲ್ವಾ?

— ಒಬ್ಬ ನಿವೃತ್ತ ನರ್ಸ್, ಮಂಗಳೂರು