ಸನ್ನದು ಮೊದಲು, ಸಂಬಳ ಆಮೇಲೆ

ಪ್ರೀತಿಯ ಸೌಮ್ಯ,

ಭಾನುವಾರ ಫೋನಿನಲ್ಲಿ ಆಗಿದ್ದನ್ನು ಮತ್ತೆ ಕೆದಕುವುದಿಲ್ಲ. ನೀನು ಅಂದಿದ್ದು ನನಗೆ ಗೊತ್ತು, ನಾನು ಅಂದಿದ್ದು ನಿನಗೆ ಗೊತ್ತು. ಬೇಸರ ನನಗೂ ಆಗಿದೆ. ಆದರೆ ವಕೀಲಿಯ ಲೈಸೆನ್ಸು, ಅದೇ ಸನ್ನದು, ಪಡೆಯದೆಯೇ ಒಂದನೇ ತಾರೀಕಿಗೆ ನೀನು ಬೆಂಗಳೂರಿನ ಆ ಕಂಪನಿ ಸೇರುತ್ತೀಯ. ಅಷ್ಟರೊಳಗೆ ಕೆಲವು ವಿಷಯ ನಿನಗೆ ತಲುಪಬೇಕು. ವಾಟ್ಸಾಪಿನಲ್ಲಿ ಕಳಿಸಿದರೆ ನೀಲಿ ಗೀಟು ಬೀಳುತ್ತದೆ, ಉತ್ತರ ಬರುವುದಿಲ್ಲ. ಅದಕ್ಕೇ ಕಾಗದ.

"ನೀನು ಮಾತಾಡಿದರೆ ನೋಟಿಸ್ ಬೋರ್ಡ್ ಓದಿದ ಹಾಗಿರುತ್ತೆ ಅಮ್ಮ" ಅಂದೆ. ಇರಬಹುದು. ಲಾ ಕಾಲೇಜಿನ ಆಫೀಸಿನಲ್ಲಿ ಕೂತು ಇಷ್ಟು ವರ್ಷ ಬರೆದಿರುವುದೇ ಅದು. ಪರೀಕ್ಷಾ ಶುಲ್ಕಕ್ಕೆ ಕೊನೆಯ ದಿನ, ದಂಡ ಸಹಿತ ಕೊನೆಯ ದಿನ, ಹಾಜರಾತಿ ಕೊರತೆ ಇರುವವರ ಪಟ್ಟಿ. ಒಂದೊಂದು ವಿಷಯಕ್ಕೂ ನೂರಕ್ಕೆ 70 ಹಾಜರಾತಿ ಬೇಕು ಅಂತ ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ನಿಯಮದಲ್ಲೇ ಇದೆ. ಅಡ್ಮಿಷನ್ ದಿನ ಹೇಳುತ್ತೇವೆ, ಬೋರ್ಡಿಗೆ ಹಾಕುತ್ತೇವೆ, ಗ್ರೂಪಿಗೂ ಹಾಕುತ್ತೇವೆ. ಪಟ್ಟಿಯಲ್ಲಿ ಹೆಸರು ಬಂದ ದಿನ ಅಪ್ಪನನ್ನು ಕರೆದುಕೊಂಡು ಬಂದು "ಯಾರೂ ಹೇಳಲೇ ಇಲ್ಲ ಮೇಡಂ" ಅನ್ನುತ್ತಾರೆ.

ನೀನು ಹಾಗಲ್ಲ. ನಿನ್ನ ರಿಸಲ್ಟ್ ಬಂದ ದಿನ ನಾನು ಪ್ರಿನ್ಸಿಪಾಲರಿಗೆ ಹೇಳಿದೆ, ಕ್ಯಾಂಟೀನಿನವರಿಗೆ ಹೇಳಿದೆ, ರೀವ್ಯಾಲ್ಯುಯೇಷನ್‌ಗೆ ಅರ್ಜಿ ಹಿಡಿದು ನಿಂತಿದ್ದ ಮಕ್ಕಳಿಗೂ ಹೇಳಿದೆ. ಪಾಪ, ಅವರೂ ಕಂಗ್ರಾಟ್ಸ್ ಅಂದರು. ನಮ್ಮ ವಂಶದಲ್ಲಿ ಕೋರ್ಟಿಗೆ ಹೋದವರೆಲ್ಲ ಜಮೀನಿನ ತಕರಾರಿಗೆ ಹೋದವರು. ನಿನ್ನ ಮಾವನೊಬ್ಬನೇ ಕರಿ ಕೋಟು ಹಾಕಿದ್ದು. ಈಗ ನೀನು.

ಒಬ್ಬ ಹುಡುಗನ ವಿಷಯ ಹೇಳಬೇಕು. ಹಿಂದೆ ಕೇಳಿದ್ದೇನೆ ಅನ್ನಿಸಿದರೂ ಓದು. ನೀನಾಗ ಹೈಸ್ಕೂಲಿನಲ್ಲಿದ್ದೆ. ಅವನು ನಮ್ಮಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಮುಗಿಸಿದವನು, ಹೊಳಲ್ಕೆರೆ ಕಡೆಯ ಹಳ್ಳಿಯವನು. ಎನ್‌ರೋಲ್‌ಮೆಂಟಿಗೆ, ಅಂದರೆ ವಕೀಲ ಅಂತ ಹೆಸರು ನೋಂದಾಯಿಸಿ ಸನ್ನದು ಪಡೆಯಲು, ಬೆಂಗಳೂರಿನ ಬಾರ್ ಕೌನ್ಸಿಲಿಗೆ ಹೋಗಿ, ಫೈಲು ವಾಪಸ್ಸಾಗಿ, ಬಸ್ಸಿಳಿದು ಸೀದಾ ನನ್ನ ಕೌಂಟರಿಗೆ ಬಂದಿದ್ದ. ಬಟ್ಟೆ ಅಂಗಡಿಯ ಕವರಿನಲ್ಲಿ ಎಲ್ಲ ಒರಿಜಿನಲ್ಲು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಒಂದೇ ಅಕ್ಷರ. ಡಿಗ್ರಿಯಲ್ಲಿ ಹೆಸರಿನ ಹಿಂದೆ, ಎರಡು ಅಕ್ಷರ. ಎಲ್‌ಎಲ್‌ಬಿಯಲ್ಲಿ ಇನಿಷಿಯಲ್ಲೇ ಇಲ್ಲ, ಅಪ್ಪನ ಹೆಸರು ಪೂರ್ತಿ. ಹುಡುಗ ಒಬ್ಬನೇ, ಕಾಗದದಲ್ಲಿ ಮೂವರು.

ಸಾಲದ್ದಕ್ಕೆ ಎಲ್ಲಕ್ಕೂ ಲ್ಯಾಮಿನೇಷನ್ ಮಾಡಿಸಿಟ್ಟಿದ್ದ, ಹಾಳಾಗಬಾರದು ಅಂತ. ತಿದ್ದುಪಡಿಗೆ ಒರಿಜಿನಲ್ ಕಳಿಸಬೇಕು, ಪ್ಲಾಸ್ಟಿಕ್ ತೆಗೀಬೇಕಾಗುತ್ತದೆ ಅಂದೆ. "ತೆಗೆದರೆ ಒಳಗಿನ ಅಕ್ಷರ ಉಳಿಯುತ್ತಾ ಮೇಡಂ?" ಅಂತ ಕೇಳಿದ. ನನಗೆ ಏನು ಗೊತ್ತು? ಪೆನ್ಸಿಲ್ ಕೆತ್ತುವ ಬ್ಲೇಡು ಕೊಟ್ಟೆ. ಒಂದು ಮೂಲೆಯಲ್ಲಿ ಮೆಲ್ಲಗೆ ಎಬ್ಬಿಸಿದ. ಸೀಲಿನ ನೇರಳೆ ಶಾಯಿ ಕಾಗದ ಬಿಟ್ಟು ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಬಂತು. ಅರ್ಧ ಸೀಲು ಇಲ್ಲಿ, ಅರ್ಧ ಅಲ್ಲಿ. ಸಾಕು, ನಿಲ್ಲಿಸಪ್ಪ ಅಂದೆ. ಅವನು ಬ್ಲೇಡು ಕೆಳಗಿಟ್ಟು ಅದನ್ನೇ ನೋಡುತ್ತಾ ನಿಂತ.

ಆಮೇಲೆ ಅವನ ಓಡಾಟ ಶುರುವಾಯಿತು. ಎಲ್‌ಎಲ್‌ಬಿ ಅಂಕಪಟ್ಟಿ ತಿದ್ದಲು ಹುಬ್ಬಳ್ಳಿಯ ಯೂನಿವರ್ಸಿಟಿಗೆ ನಮ್ಮ ಮೂಲಕ ಅರ್ಜಿ. ಅದಕ್ಕೆ ಆಧಾರ ಎಸ್ಸೆಸ್ಸೆಲ್ಸಿ. ಎಸ್ಸೆಸ್ಸೆಲ್ಸಿಯ ಇನಿಷಿಯಲ್ಲೇ ಅರ್ಧಂಬರ್ಧ, ಹಾಗಾಗಿ ಓದಿದ ಹೈಸ್ಕೂಲಿನ ದಾಖಲಾತಿ ರಿಜಿಸ್ಟರ್ ಬೇಕು. ಅಲ್ಲಿ ಹೆಡ್‌ಮಾಸ್ಟರ್ ವರ್ಗವಾಗಿದ್ದಾರೆ, ಹೊಸಬರಿಗೆ ರಿಜಿಸ್ಟರ್ ಎಲ್ಲಿದೆ ಗೊತ್ತಿಲ್ಲ. ಸಿಕ್ಕಿದಾಗ ಅಂಚೆಲ್ಲ ಗೆದ್ದಲು ತಿಂದಿದೆ. ಅಫಿಡವಿಟ್ಟು, ಪೇಪರಿನಲ್ಲಿ ಜಾಹೀರಾತು, ಮತ್ತೆ ಮಲ್ಲೇಶ್ವರದ ಎಸ್ಸೆಸ್ಸೆಲ್ಸಿ ಬೋರ್ಡು. ಪ್ರತಿ ಸಲ ಬಂದಾಗಲೂ ಅದೇ ಕವರು, ಒಳಗೆ ಒಂದು ಕಾಗದ ಜಾಸ್ತಿ. ಅವನ ಜೊತೆಯವರು ಅಷ್ಟರಲ್ಲಿ ವಕಾಲತ್ತು ಹಾಕುತ್ತಿದ್ದರು.

ನಿಮ್ಮಪ್ಪನಿಗೆ ಈ ಕಥೆ ಹೇಳಿದರೆ, "ಕೊನೆಗೆ ಸರಿಹೋಯಿತಲ್ಲ, ಮತ್ತೇನು?" ಅನ್ನುತ್ತಾರೆ. ಸರಿಹೋಯಿತು. ಅವನೀಗ ದುರ್ಗದ ಕೋರ್ಟಿನಲ್ಲೇ ವಕೀಲ, ಕಾರೂ ಇದೆ, ಎದುರು ಸಿಕ್ಕರೆ ನಿಲ್ಲಿಸಿ ಮಾತಾಡಿಸುತ್ತಾನೆ. ಆದರೆ ವಕೀಲರ ಸೀನಿಯಾರಿಟಿ ಲೆಕ್ಕ ರೋಲಿಗೆ, ಅಂದರೆ ಬಾರ್ ಕೌನ್ಸಿಲಿನ ವಕೀಲರ ಪಟ್ಟಿಗೆ, ಸೇರಿದ ತಾರೀಕಿನ ಮೇಲೆ. ಅವನ ಹಿಂದಿನ ಬೆಂಚಿನವರು ರೋಲಿನಲ್ಲಿ ಅವನಿಗಿಂತ ಮುಂದಿದ್ದಾರೆ. ಅವನಿಗೆ ಅದು ನೆನಪಿದೆಯೋ ಇಲ್ಲವೋ. ನನಗೆ ಮಾತ್ರ ಪ್ಲಾಸ್ಟಿಕ್ಕಿಗೆ ಅಂಟಿದ ಆ ಸೀಲು ಕಣ್ಣಿಗೆ ಕಟ್ಟಿದ ಹಾಗಿದೆ.

ಇಷ್ಟು ಉದ್ದ ಯಾಕೆ ಎಳೆದೆ ಅಂತೀಯ. ಮೊನ್ನೆ ರಾತ್ರಿ ಬೀರುವಿನಿಂದ ನಿನ್ನ ಜೆರಾಕ್ಸ್ ಫೈಲು ತೆಗೆದು ಕೂತೆ. ಎಸ್ಸೆಸ್ಸೆಲ್ಸಿ, ಪಿಯುಸಿ, ಹತ್ತು ಸೆಮಿಸ್ಟರಿನ ಅಂಕಪಟ್ಟಿ, ಎಲ್ಲದರಲ್ಲೂ ಎಸ್-ಓ-ಡಬ್ಲ್ಯೂ ಸೌಮ್ಯ. ಪಾಸ್‌ಪೋರ್ಟಿಗೆ ಬೇಕು ಅಂತ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು ಸೇರಿಸಲು ಮೈಸೂರಿನಲ್ಲಿ ಆಧಾರ್ ತಿದ್ದಿಸಿದೆಯಲ್ಲ, ಆ ಹೊಸ ಆಧಾರಿನಲ್ಲಿ ಎಸ್-ಓ-ಯೂ ಆಗಿದೆ. ನೋಡಿಕೊಂಡಿದ್ದೀಯಾ? ಭಾನುವಾರ ಇದನ್ನೇ ಹೇಳಲು ಫೋನ್ ಮಾಡಿದ್ದು. ಮಾತು ಎಲ್ಲೆಲ್ಲಿಗೋ ಹೋಯಿತು.

ಹೆದರುವಂಥದ್ದೇನಲ್ಲ. ಅವನದ್ದು ಬುಡದಲ್ಲೇ ತಪ್ಪಿತ್ತು, ನಿನ್ನದು ತುದಿಯಲ್ಲಿ. ಅಂಕಪಟ್ಟಿಗಳ ತಂಟೆಗೆ ಹೋಗಬೇಡ. ಎಸ್ಸೆಸ್ಸೆಲ್ಸಿಯಲ್ಲಿ ಇದ್ದ ಹಾಗೆ ಆಧಾರಿನ ಸ್ಪೆಲ್ಲಿಂಗ್ ಸರಿಮಾಡಿಸು. ಆಧಾರಿನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಸಲ ಅವಕಾಶ, ನೀನು ಒಂದು ಮುಗಿಸಿದ್ದೀಯ. ಈ ಸಲ ಕಂಪ್ಯೂಟರಿನವನು ಟೈಪ್ ಮಾಡುವಾಗ ಮೊಬೈಲ್ ನೋಡದೆ ಪರದೆ ನೋಡು. ಇನಿಷಿಯಲ್ ಬದಲು ಅಪ್ಪನ ಹೆಸರು ಪೂರ್ತಿ ಬರೆಸಿದ್ದಕ್ಕೆ ಎರಡೂ ಹೆಸರು ಒಬ್ಬಳದ್ದೇ ಅಂತ ಅಫಿಡವಿಟ್ ಬೇಕಾಗಬಹುದು. ಒಂದು ಕರಡು ಇದರ ಜೊತೆ ಇಟ್ಟಿದ್ದೇನೆ. ಇ-ಸ್ಟಾಂಪ್ ಕಾಗದದ ಮೇಲೆ ತೆಗೆಸಿಕೊ. ನೋಟರಿ ಎದುರಿಗೇ ಸಹಿ ಮಾಡು, ಮನೆಯಲ್ಲೇ ಮಾಡಿಕೊಂಡು ಹೋಗಬೇಡ. ನಿನಗೆ ಇದೆಲ್ಲ ಗೊತ್ತು, ನೀನು ಲಾಯರ್. ಆದರೂ.

ಈಗ ಕಂಪನಿ ವಿಷಯ. ಸೇರಬೇಡ ಅಂತ ನಾನು ಹೇಳುತ್ತಿಲ್ಲ. ಸಂಬಳ ಕೇಳಿ ನಿಮ್ಮಪ್ಪ ಎರಡು ಸಲ ಕನ್ನಡಕ ಒರೆಸಿಕೊಂಡರು. ಆದರೆ ಪೂರ್ಣಾವಧಿ ಸಂಬಳದ ಕೆಲಸದಲ್ಲಿ ಇರುವವರು ವಕೀಲಿ ಮಾಡುವ ಹಾಗಿಲ್ಲ, ಬಾರ್ ಕೌನ್ಸಿಲ್ ನಿಯಮ 49. ಎನ್‌ರೋಲ್ ಆದ ಮೇಲೆ ಕೆಲಸಕ್ಕೆ ಸೇರಿದರೂ ಬಾರ್ ಕೌನ್ಸಿಲಿಗೆ ತಿಳಿಸಿ ಸನ್ನದು ಅಮಾನತಿನಲ್ಲಿ ಇಡಬೇಕು. ಕಂಪನಿಯಲ್ಲಿ ಕೂತು ಕಾಂಟ್ರಾಕ್ಟ್ ಓದಿದ ವರ್ಷಗಳನ್ನು ಪ್ರಾಕ್ಟೀಸ್ ಅಂತ ತೋರಿಸಲಾಗುವುದಿಲ್ಲ.

ಅದರಿಂದ ಏನು ಅಂತ ಕೇಳಿದೆಯಲ್ಲ. 2025ರ ಮೇ 20ರಂದು ಸುಪ್ರೀಂ ಕೋರ್ಟ್ ಏನು ಹೇಳಿತು ಅಂತ ನಿನಗೆ ನಾನು ಹೇಳಬೇಕಾ? ಸಿವಿಲ್ ಜಡ್ಜ್ ಪರೀಕ್ಷೆಗೆ ಕೂರಲು ಮೂರು ವರ್ಷ ಪ್ರಾಕ್ಟೀಸ್ ಬೇಕು, ಆ ಲೆಕ್ಕ ಬಾರ್ ಪರೀಕ್ಷೆಗೆ ಮುಂಚೆ ಸಿಗುವ ತಾತ್ಕಾಲಿಕ ಎನ್‌ರೋಲ್‌ಮೆಂಟ್ ತಾರೀಕಿನಿಂದ. ಆ ದಿನ ಮೊದಲು ನನಗೆ ಮೆಸೇಜ್ ಮಾಡಿದವಳೇ ನೀನು, ಅಳುವ ಮುಖದ ಚಿತ್ರ ಹಾಕಿ. ಈಗ ಜಡ್ಜ್ ಆಗುವ ಆಸೆ ಇಲ್ಲ ಅನ್ನುತ್ತೀಯ. ಇಲ್ಲದಿದ್ದರೆ ಬಿಡು. ನಾಲ್ಕು ವರ್ಷ ಬಿಟ್ಟು ಆ ಆಸೆ ತಿರುಗಿ ಬಂದರೆ? ಆಗ ಲೆಕ್ಕ ಸೊನ್ನೆಯಿಂದ ಶುರು. ನಾನು ಹೇಳುವುದು ಇಷ್ಟೇ. ಎನ್‌ರೋಲ್ ಆಗು, ಎಲ್ಲಾದರೂ ಒಂದು ಸೀನಿಯರ್ ಆಫೀಸಿನಲ್ಲಿ ಕೂರು, ಒಂದು ವರ್ಷ ಕೇಸುಗಳ ವಾಯಿದೆ ಬರೆದುಕೋ, ಆಮೇಲೆ ಕಂಪನಿ ನೋಡು. ಸೇರಬೇಡ ಅಂತ ಹೇಳಿದ ಹಾಗೇ ಆಯಿತು, ಅಲ್ವಾ? ಇರಲಿ.

ದುಡ್ಡಿನ ನೆಪ ಮಾತ್ರ ಹೇಳಬೇಡ. ಹಿಂದೆ ಎನ್‌ರೋಲ್‌ಮೆಂಟಿಗೆ ಒಂದೊಂದು ರಾಜ್ಯದಲ್ಲಿ ಒಂದೊಂದು ದರ ಇತ್ತು, ಒಡಿಶಾದಲ್ಲಿ 42,100 ರೂಪಾಯಿ ಅಂತ ಕೋರ್ಟಿನ ಮುಂದೆ ಬಂದಿತ್ತು. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್, 1961ರ ವಕೀಲರ ಕಾಯ್ದೆಯಲ್ಲಿ ಏನಿದೆಯೋ ಅಷ್ಟೇ ತಗೊಳ್ಳಿ ಅಂತು. ರಾಜ್ಯ ಕೌನ್ಸಿಲಿಗೆ 600, ಬಾರ್ ಕೌನ್ಸಿಲ್ ಆಫ್ ಇಂಡಿಯಾಕ್ಕೆ 150. ಪರಿಶಿಷ್ಟ ಜಾತಿ, ಪಂಗಡದವರಿಗೆ ಎರಡೂ ಸೇರಿ 125. ಐಚ್ಛಿಕ ಅನ್ನುವ ಹೆಸರಿನಲ್ಲೂ ಜಾಸ್ತಿ ತಗೊಳ್ಳುವಂತಿಲ್ಲ ಅಂತ 2025ರ ಆಗಸ್ಟಿನಲ್ಲಿ ಮತ್ತೆ ಹೇಳಿದೆ. ಆ ಹುಡುಗನ ಕಾಲದಲ್ಲಿ ಇದು ಬಂದಿದ್ದರೆ ಅವನಪ್ಪ ಬಡ್ಡಿಗೆ ತರುವುದು ತಪ್ಪುತ್ತಿತ್ತು.

ಇನ್ನು ಬಾರ್ ಪರೀಕ್ಷೆ, ವಕೀಲಿ ಮುಂದುವರಿಸಲು ಪಾಸಾಗಬೇಕಾದದ್ದು. 2011ರ ಮಾರ್ಚಿನಲ್ಲಿ ಮೊದಲ ಸಲ ನಡೆಯಿತು, ನಿನ್ನ ಮಾವನ ಕಾಲಕ್ಕೆ ಇರಲಿಲ್ಲ. ಅದಕ್ಕೇ ಅವನು "ಅದೇನು ಮಹಾ, ಪುಸ್ತಕ ನೋಡಿಕೊಂಡು ಬರೆಯೋದು" ಅನ್ನುತ್ತಾನೆ. ಅವನ ಮಾತು ಕೇಳಬೇಡ. ನೂರು ಪ್ರಶ್ನೆ, ಮೂರೂವರೆ ಗಂಟೆ, ತಪ್ಪಿಗೆ ಅಂಕ ಕಳೆಯುವುದಿಲ್ಲ, ನಿನಗೆ 45 ಬಂದರೆ ಪಾಸ್. ಸುಲಭವೇ. ನಮ್ಮಲ್ಲಿ ಫೇಲಾದವರು ದಡ್ಡರಲ್ಲ, ಬೇರ್ ಆಕ್ಟನ್ನು, ಅಂದರೆ ಬರೀ ಕಾಯ್ದೆಯಷ್ಟೇ ಇರುವ ಆ ಪುಸ್ತಕವನ್ನು, ಪರೀಕ್ಷೆಯ ಕೋಣೆಯಲ್ಲಿ ಮೊದಲ ಸಲ ತೆರೆದವರು. ಯಾವ ಕಲಂ ಯಾವ ಪುಟದಲ್ಲಿದೆ ಅಂತ ಕೈಗೆ ಗೊತ್ತಿರಬೇಕು. ಸಂವಿಧಾನ, ಸಿವಿಲ್ ಪ್ರೊಸೀಜರ್, ಕ್ರಿಮಿನಲ್ ಪ್ರೊಸೀಜರ್, ಇವು ಒಂದೊಂದಕ್ಕೆ ಹತ್ತತ್ತು ಅಂಕ. ಮೂರನ್ನು ಗಟ್ಟಿ ಮಾಡಿಕೊಂಡರೆ ಮೂರರಲ್ಲಿ ಎರಡು ಪಾಲು ದಾರಿ. ಪುಸ್ತಕದ ಅಂಚಿನಲ್ಲಿ ಟಿಪ್ಪಣಿ ಇದ್ದರೆ ಒಳಗೆ ಬಿಡುವುದಿಲ್ಲ, ನಿನ್ನದರಲ್ಲಿ ಅಂಚೇ ಕಾಣುವುದಿಲ್ಲ, ಅಷ್ಟು ಗೀಚಿದ್ದೀಯ. ಹೊಸದು ತಗೋ. 2024ರ ಜುಲೈ 1ರಿಂದ ಬಂದ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ ಮೂರೂ ಬೇಕು. ಐಪಿಸಿ ಬಾಯಿಪಾಠ ಇದೆ ಅನ್ನುವ ಜಂಬ ಬಿಡು. 420 ಅಂದರೆ ಊರಿಗೆಲ್ಲ ಗೊತ್ತು, ಈಗ ಅದು 318 ಆಗಿದೆ.

ತಾತ್ಕಾಲಿಕ ಎನ್‌ರೋಲ್‌ಮೆಂಟ್ ಆದ ಎರಡು ವರ್ಷದೊಳಗೆ ಈ ಪರೀಕ್ಷೆ ಪಾಸಾಗಬೇಕು. ಎರಡು ವರ್ಷ ಇದೆಯಲ್ಲ ಅಂದುಕೊಂಡು ಕೂತವರ ಪಟ್ಟಿಯೂ ನನ್ನ ಹತ್ತಿರ ಇದೆ. ನಿನಗೆ ಕಳಿಸುವುದಿಲ್ಲ, ಹೆದರಬೇಡ.

ಬಾರ್ ಕೌನ್ಸಿಲ್ ಆಫೀಸು ಅಂಬೇಡ್ಕರ್ ವೀಧಿಯಲ್ಲಿ, ಹಳೇ ಕೆಜಿಐಡಿ ಕಟ್ಟಡ. ಅಲ್ಲಿಗೆ ನಾನು ಬರುವುದಿಲ್ಲ, ನೀನೇ ಹೋಗು. ಬರಬೇಕು ಅಂದರೆ ಒಂದು ಮಾತು ಹೇಳು, ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಕಂಪನಿಯವರನ್ನು ಸೇರುವ ದಿನ ಒಂದು ತಿಂಗಳು ಮುಂದಕ್ಕೆ ಹಾಕಲು ಕೇಳಿ ನೋಡು. ಕೇಳಿದರೆ ಕಳೆದುಕೊಳ್ಳುವುದೇನಿದೆ? ಕಾಗದ ಸಿಕ್ಕಿದ ಮೇಲೆ ಫೋನ್ ಮಾಡು. ರಾತ್ರಿ ಒಂಬತ್ತರ ಮೇಲೆ ಮಾಡು, ಅಷ್ಟು ಹೊತ್ತಿಗೆ ನಿಮ್ಮಪ್ಪ ಮಲಗಿರುತ್ತಾರೆ.

ನಿನ್ನ,
ಅಮ್ಮ

ತಾ.ಕ.: ಪಿಡಿಸಿ (ತಾತ್ಕಾಲಿಕ ಪದವಿ ಪತ್ರ), ಟಿಸಿ ಕೈಗೆ ಬಂದರೆ ಲ್ಯಾಮಿನೇಷನ್ ಮಾಡಿಸಬೇಡ. ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಸುಮ್ನೆ ಇಡು. ಅರ್ಜಿಯ ಫೋಟೋಗೆ ಕರಿ ಕೋಟು, ಬ್ಯಾಂಡು ಹಾಕಿರಬೇಕು, ಅದಕ್ಕೆ ತೋಳಿನ ಅಳತೆ ಕಳಿಸು. ನಮ್ಮ ಟೈಲರ್ ದಸರಾ ಹತ್ತಿರ ಬಂದರೆ ಕೈಗೆ ಸಿಗುವುದಿಲ್ಲ.